ಒಂದು ಕೈಯಲ್ಲಿ ಹಿಡಿಯುವ ಬೈಬಲ್

ಅಪ್ಪ ಹೋಗಿ ಒಂದು ಮಳೆಗಾಲ ಕಳೆಯಿತು. ಬದುಕಿದ್ದ ಕೊನೆಯ ವರ್ಷದಲ್ಲಿ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು. ಬಸ್ಸಿನಲ್ಲಿ ಒಯ್ಯುವಂಥ, ಒಂದು ಕೈಯಲ್ಲಿ ಹಿಡಿದು ದಿನಾ ಓದಿಕೊಳ್ಳುವಂಥ ಸಣ್ಣ ಬೈಬಲ್. ಮಗಳು ಓದಿದವಳು, ಬೆಂಗಳೂರಿಗೆ ಹೋಗಿ ನೋಡಿ ಆರಿಸಿ ತರುತ್ತಾಳೆ ಅನ್ನುವುದು ಅಪ್ಪನ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ನಮ್ಮದು ದೊಡ್ಡಬಳ್ಳಾಪುರದ ಕಡೆ, ರಾಜಘಟ್ಟಕ್ಕೆ ಹತ್ತಿರದ ಹಳ್ಳಿ. ಅಪ್ಪ ದ್ರಾಕ್ಷಿ ತೋಟಗಳಲ್ಲಿ ಕಟಿಂಗ್ ಮಾಡುತ್ತಿದ್ದ. ಕಂಡವರ ತೋಟ, ನಮ್ಮದಲ್ಲ. ಚಪ್ಪರದ ಕೆಳಗೆ ಕತ್ತು ಮೇಲೆ ಮಾಡಿ ನಿಂತು, ಬಳ್ಳಿಯಲ್ಲಿ ಎಷ್ಟು ಬಿಟ್ಟು ಎಲ್ಲಿ ಕತ್ತರಿಸಿದರೆ ಕಾಯಿ ಬರುತ್ತದೆ ಅಂತ ನೋಡಿ ಕತ್ತರಿ ಹಾಕುವ ಕೆಲಸ. ನನ್ನ ಬಿ.ಎಸ್ಸಿ. ಬಂದದ್ದು ಆ ಕತ್ತರಿಯಿಂದ. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಈಗ ಹಾಲಿನ ಶೀತಲ ಕೇಂದ್ರವೊಂದರಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬೆಳಗಿನ ಪಾಳಿ.

ನನಗೆ ಇನ್ನೊಂದು ಹೆಮ್ಮೆಯೂ ಇತ್ತು. ನನ್ನ ಜೊತೆ ಓದಿದ ಕೇರಿಯ ಹುಡುಗಿಯರ ಅಪ್ಪಂದಿರೆಲ್ಲ ಹೆಬ್ಬೆಟ್ಟು ಒತ್ತುವವರು. ನಮ್ಮಪ್ಪ ಓದುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮದುವೆಯಾದ ಮೇಲೆ ನಮ್ಮ ಸಭೆಯ ಅಯ್ಯನೋರು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಬಲ್ಲಿನಿಂದಲೇ ಓದು ಕಲಿಸಿದರಂತೆ. ಪಾದ್ರಿಗಳನ್ನು ನಾವು ಅಯ್ಯನೋರು ಅಂತಲೇ ಕರೆಯುವುದು. ಸ್ಲೇಟು ಬಳಪ ಇಲ್ಲ, ಅ ಆ ಇ ಈ ಇಲ್ಲ. ಅವರು ಒಂದು ಸಾಲು ಹೇಳುವುದು, ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಹೇಳುವುದು. ಹಾಗೆ ವರ್ಷಗಟ್ಟಲೆ. ಕೊನೆಗೆ ಅಯ್ಯನೋರು ಬೇರೆ ಊರಿಗೆ ವರ್ಗವಾಗಿ ಹೋಗುವಾಗ ಆ ದೊಡ್ಡ ಪುಸ್ತಕವನ್ನೇ ಅಪ್ಪನ ಕೈಗೆ ಕೊಟ್ಟು ಹೋದರು.

ಅಲ್ಲಿಂದಾಚೆ ಕೇರಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಯಾರ ಮನೆಯಲ್ಲಾದರೂ ಸಾವಾದರೆ, ಅಪ್ಪನಿಗೆ ಕರೆ ಬರುತ್ತಿತ್ತು. ‘ಅಣ್ಣೋ, ಬುಕ್ಕು ತಗೊಂಡು ಬರ್ಬೇಕಂತೆ.’ ತೋಟದಿಂದ ಬಂದವನು ಕೈಕಾಲು ತೊಳೆದು, ಆ ಪುಸ್ತಕವನ್ನು ಟವಲಿನಲ್ಲಿ ಸುತ್ತಿ ಹೆಗಲ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದ, ಮಗುವನ್ನು ಎತ್ತಿಕೊಂಡು ಹೋಗುವ ಹಾಗೆ. ನೋವಿನಲ್ಲಿದ್ದವರ ತಲೆಯ ಹತ್ತಿರ ಕೂತು, ಬೆರಳು ಸರಿಸುತ್ತಾ ನಿಧಾನವಾಗಿ ಓದುತ್ತಿದ್ದ. ಜ್ವರದಲ್ಲಿದ್ದ ಮುದುಕಿಯರು ಅಪ್ಪನ ದನಿ ಕೇಳುತ್ತಾ ನಿದ್ದೆ ಹೋಗುವುದನ್ನು ನಾನು ನೋಡಿದ್ದೇನೆ.

ಸಕ್ಕರೆ ಕಾಯಿಲೆ ಅಪ್ಪನ ಕಿಡ್ನಿ ತಿಂದುಹಾಕಿತು. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದಕ್ಕೆ ಅಂತ ಎಡಗೈಯಲ್ಲಿ ಒಂದು ಆಪರೇಷನ್ ಮಾಡಿ ರಕ್ತನಾಳ ದಪ್ಪಗಾಗುವ ಹಾಗೆ ಮಾಡಿದರು. ಆ ಕೈಯಲ್ಲಿ ಬಿಂದಿಗೆ ಎತ್ತಬಾರದು, ಚೀಲ ಹಿಡಿಯಬಾರದು, ತಲೆಗೆ ದಿಂಬಾಗಿ ಇಟ್ಟುಕೊಳ್ಳಲೂಬಾರದು. ರಕ್ತ ತೊಳೆಯುವ ಯಂತ್ರಕ್ಕೆ ಸಿಕ್ಕಿಸಿದ ಮೇಲಂತೂ ಅದನ್ನು ಅಲ್ಲಾಡಿಸುವ ಹಾಗೂ ಇಲ್ಲ. ಅರ್ಧ ದಿನ ಮಲಗಿರಬೇಕು, ಮೇಲೆ ಫ್ಯಾನು ತಿರುಗುವುದನ್ನು ನೋಡುತ್ತಾ.

‘ಸಣ್ಣದೊಂದು ಸತ್ಯವೇದ ಇದ್ದಿದ್ರೆ ಓದ್ಕಂಡು ಬಿದ್ದಿರ್ತಿದ್ದೆ ಕಣಮ್ಮ’ ಅಂದ ಅಪ್ಪ. ‘ಟೈಮು ಹೋಗಲ್ಲ ಅಂತಲ್ಲ. ಹೆದ್ರಿಕೆ ಹೋಗಲ್ಲ.’

ನಾನು ಬೆಂಗಳೂರಿನ ಕ್ರೈಸ್ತ ಪುಸ್ತಕಗಳ ಅಂಗಡಿಗೆ ಹೋದೆ. ಅಲ್ಲಿದ್ದ ಹೆಂಗಸು ಕೇಳಿದಳು, ‘ಟ್ರಾವೆಲಿಂಗ್‌ಗಾ ಮೇಡಂ, ಡೈಲಿ ಓದೋಕಾ?’

‘ಎರಡಕ್ಕೂ. ನಮ್ಮಪ್ಪನಿಗೆ.’

‘ವಯಸ್ಸಾದೋರಿಗೆ ಪಾಕೆಟ್ ಸೈಜ್ ಬೇಡ್ವೇ ಬೇಡ. ಅಕ್ಷರ ಇರುವೆ ಥರ. ಎಲ್ರೂ ವಾಪಸ್ ತರ್ತಾರೆ, ನಾವು ತಗೊಳಲ್ಲ, ಜಗಳ ಆಡ್ತಾರೆ.’

ಒಂದೊಂದಾಗಿ ಮುಂದಿಟ್ಟಳು. ಹೊಸ ಒಡಂಬಡಿಕೆ ಮಾತ್ರ ಇರುವುದು ಹಗುರ, ಆದರೆ ಅಪ್ಪನಿಗೆ ಹಳೆಯ ಒಡಂಬಡಿಕೆಯ ಕೀರ್ತನೆಗಳು ಬೇಕು. ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದೊಂದು ಭಾಗದ ಹೆಸರು ಬರೆದಿರುವುದು ಹುಡುಕಲು ಸುಲಭ, ದಪ್ಪ ಜಾಸ್ತಿ. ಒಂದರ ಹಾಳೆ ಎಷ್ಟು ತೆಳು ಅಂದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಇಣುಕುತ್ತಿತ್ತು. ನಾನು ಎಡಗೈಯನ್ನು ಕಡ್ಡಿಯ ಹಾಗೆ ನೆಟ್ಟಗೆ ಚಾಚಿಟ್ಟುಕೊಂಡು, ಬಲಗೈಯಲ್ಲಿ ಮಾತ್ರ ಒಂದೊಂದನ್ನೂ ತೆರೆದು, ಹೆಬ್ಬೆರಳಿನಿಂದ ಹಾಳೆ ತಿರುಗಿಸಿ ನೋಡಿದೆ. ಕೆಲವು ಬಿಟ್ಟ ಕೂಡಲೇ ಇಲಿಬೋನಿನ ಹಾಗೆ ಪಟಕ್ಕನೆ ಮುಚ್ಚಿಕೊಳ್ಳುತ್ತಿದ್ದವು.

‘ಕೈಗೇನಾಯ್ತು ಮೇಡಂ?’ ಅಂದಳು ಹೆಂಗಸು.

‘ಏನಿಲ್ಲ. ನಮ್ಮಪ್ಪನ ಕೈ ಇದು’ ಅಂದೆ. ಅವಳು ಒಳಗೆ ಹೋಗಿ ಇನ್ನೊಂದು ತಂದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಜಿಪ್ಪಿನ ಕವರು, ದಿನಪತ್ರಿಕೆಯಲ್ಲಿರುವಷ್ಟು ದೊಡ್ಡ ಅಕ್ಷರ, ತೆರೆದರೆ ತೆರೆದ ಹಾಗೇ ಮಲಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ ನನಗೆ.

ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದ. ‘ಮೊಲದ ಮರಿ ಇದ್ದಂಗದೆ’ ಅಂದ. ಜಿಪ್ಪು ಎಳೆದ, ಮುಚ್ಚಿದ, ಮತ್ತೆ ಎಳೆದ. ಅಮ್ಮ, ‘ಸಾಕು, ಕಿತ್ತೋಗ್ತದೆ’ ಅಂದಳು.

ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದ ಹಾಸಿಗೆಯವರು ಒಬ್ಬ ಗೌಡರು. ಜಮೀನಿದ್ದ ಮನೆತನ, ಅವರಿಗೂ ಒಂದು ಕಾಲಕ್ಕೆ ದ್ರಾಕ್ಷಿ ಇತ್ತು. ಊರಿನಲ್ಲಾಗಿದ್ದರೆ ಅಪ್ಪ ಅವರ ಜಗಲಿಯ ಕೆಳಗೆ ನಿಂತು ಮಾತಾಡಬೇಕಿತ್ತು. ಇಲ್ಲಿ ಇಬ್ಬರ ರಕ್ತವೂ ಪಕ್ಕಪಕ್ಕದ ಪೈಪಿನಲ್ಲಿ ಸುತ್ತುತ್ತಿತ್ತು. ಬಾಯಿ ಸುಮ್ಮನಿರದ ಮನುಷ್ಯ.

‘ಏನ್ ಗುರು ಅದು, ಹೊಸಾದು? ಪರ್ಸಾ?’

‘ನಮ್ಮ ಬುಕ್ಕು ಗೌಡ್ರೇ. ಮಗಳು ತಂದವ್ಳೆ.’

‘ಓದಯ್ಯಾ ಹಂಗಾದ್ರೆ ಜೋರಾಗಿ, ನಂಗೂ ಕೇಳ್ಲಿ. ನಮ್ಮನೆಯೋಳು ಫೋನ್‌ನಲ್ಲಿ ಸೀರಿಯಲ್ ಹಾಕ್ಕೊಟ್ಟವ್ಳೆ, ಬರೀ ಅಳ್ತಾರೆ ನನ್ಮಕ್ಳು. ಇಲ್ಲಿ ಅಳೋದು ಕಮ್ಮಿ ಆಗಿದ್ಯಾ?’

ಅಪ್ಪ ಪುಸ್ತಕ ತೆರೆದ. ಹೆಬ್ಬೆರಳಿನಿಂದ ಹಾಳೆ ತಿರುಗಿಸಿದ. ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ಬೆರಳು ಒಂದು ಕಡೆ ನಿಂತಿತು, ತುಟಿ ಸ್ವಲ್ಪ ಅಲ್ಲಾಡಿತು, ಮತ್ತೆ ಹೊರಟಿತು. ಗೌಡರು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ.

‘ಯಾಕಯ್ಯಾ, ಕನ್ನಡಕ ಮರ್ತ್ಯಾ?’

‘ಹೂಂ ಗೌಡ್ರೇ, ಮರ್ತು ಬಂದ್ಬಿಟ್ಟೆ’ ಅಂದ ಅಪ್ಪ. ಕನ್ನಡಕದ ಡಬ್ಬಿ ಅಂಗಿಯ ಜೇಬಿನಿಂದ ಎದ್ದು ಕಾಣುತ್ತಿತ್ತು. ಗೌಡರೂ ಅದನ್ನು ನೋಡಿದರು, ನೋಡಿ ಗೋಡೆಯ ಕಡೆ ತಿರುಗಿದರು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ. ‘ಅಕ್ಷರ ಸಣ್ಣದಾಯ್ತೇನಪ್ಪಾ? ಇನ್ನೊಂದು ಸೈಜ್ ಇತ್ತು.’

‘ಇಲ್ಲ, ಅಕ್ಷರ ಚೆನ್ನಾಗೇ ಅವೆ.’

‘ಮತ್ತೆ?’

ಮಧ್ಯಾಹ್ನದ ಬಸ್ಸು, ಮುಂದಿನ ಸೀಟಿನಲ್ಲಿ ಯಾರೋ ಕೋಳಿ ಹಿಡಿದುಕೊಂಡು ಕೂತಿದ್ದರು. ‘ಯಾವ್ದೂ ಅದರ ಜಾಗದಲ್ಲಿ ಇಲ್ಲ ಕಣಮ್ಮ’ ಅಂದ ಅಪ್ಪ. ‘ನಮ್ಮ ಬುಕ್ನಲ್ಲಿ ದೇವ್ರು ನನ್ನ ಕುರುಬ ಅನ್ನೋ ಕೀರ್ತನೆ ಅಂದ್ರೆ ಬಲಗಡೆ ಪುಟ, ಎಣ್ಣೆ ಕಲೆ ಐತಲ್ಲ, ಅದರ ಕೆಳಗೆ. ಅಲ್ಲಿ ಬೆರಳಿಟ್ರೆ ಬಾಯಿಗೆ ತಾನೇ ಬರ್ತದೆ. ಇದ್ರಲ್ಲಿ ಅಲ್ಲಿ ಬೆರಳಿಟ್ರೆ ಬೇರೇನೋ ಬರ್ದವ್ರೆ. ಅದು ಯಾವ್ದು ಅಂತ ನಂಗೆ ತಿಳೀತಿಲ್ಲ.’

ನನಗೆ ಥಟ್ಟನೆ ಅರ್ಥವಾಗಲಿಲ್ಲ. ಜಿಪ್ಪು ತೆಗೆದು ಒಂದು ಸಾಲು ತೋರಿಸಿದೆ. ಅಪ್ಪ ಅಕ್ಷರ ಅಕ್ಷರವಾಗಿ ಹಿಡಿದ, ಒತ್ತು ಬಂದ ಕಡೆ ನಿಂತುಬಿಟ್ಟ, ಹಣೆಯಲ್ಲಿ ಬೆವರು ಬಂತು. ನಾನು ಪುಸ್ತಕ ಮುಚ್ಚಿದೆ.

ಅಪ್ಪನಿಗೆ ಓದು ಬರುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬರುತ್ತಿತ್ತು ಅಂದರೂ ಪೂರ್ತಿ ನಿಜವಲ್ಲ. ಅಪ್ಪನಿಗೆ ಒಂದು ಪುಸ್ತಕ ಓದಲು ಬರುತ್ತಿತ್ತು. ಬೈಬಲ್ ಅಂತಲ್ಲ, ಅಯ್ಯನೋರು ಕೊಟ್ಟ ಆ ಒಂದು ಪ್ರತಿ. ಪಂಚಾಯ್ತಿಯ ಕಾಗದ, ಬ್ಯಾಂಕಿನ ಕಾಗದ ಬಂದಾಗೆಲ್ಲ ‘ಓದಿದೋಳು ನೀನು, ನೀನೇ ನೋಡು’ ಅಂತ ನನ್ನ ಕೈಗೆ ಕೊಡುತ್ತಿದ್ದದ್ದು ಮಗಳ ಮೇಲಿನ ಹೆಮ್ಮೆಯಿಂದ ಅಂತಲೇ ನಾನು ತಿಳಿದಿದ್ದೆ. ಹೆಮ್ಮೆಯೂ ಇತ್ತು, ಇಲ್ಲವೆನ್ನುವುದಿಲ್ಲ.

ಹೊಲಗೇರಿಯ ಒಬ್ಬ ಕೂಲಿಯವನು ಬೆರಳು ಬಾಯಿ ಕಿವಿ ಸೇರಿಸಿ ಅಷ್ಟು ದಪ್ಪದ ಪುಸ್ತಕದಲ್ಲಿ ದಾರಿ ಮಾಡಿಕೊಂಡಿದ್ದ. ಆ ದಾರಿ ಇನ್ನೊಂದು ಪುಸ್ತಕಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ. ಅದು ಗೊತ್ತಾಗುವುದಕ್ಕೆ ಕಾಯಿಲೆ ಬರಬೇಕಾಯಿತು ಅನ್ನುವುದೇ ನನಗೆ ಸಂಕಟ.

ಮತ್ತೆ ಅಂಗಡಿಗೆ ಹೋದೆ. ಅಪ್ಪನ ದೊಡ್ಡ ಪುಸ್ತಕದ ಪುಟದ ಫೋಟೋ ತೋರಿಸಿ, ಇದೇ ಪುಟಗಳು ಇದ್ದ ಹಾಗೇ ಸಣ್ಣದಾಗಿ ಅಚ್ಚಾಗಿರುವುದು ಇದೆಯೇ ಅಂತ ಕೇಳಿದೆ. ‘ಅದು ಹಳೇ ಪ್ರಿಂಟು ಮೇಡಂ, ಈಗ ಬರ್ತಾನೇ ಇಲ್ಲ’ ಅಂದಳು. ಫೋನಿನಲ್ಲಿ ಓದಿಹೇಳುವುದನ್ನು ಹಾಕಿಕೊಟ್ಟೆ. ‘ಇವನ್ಯಾರೋ ಬಸ್ ಹಿಡಿಯೋಕೆ ಓಡೋನ ಥರ ಓದ್ತಾನೆ’ ಅಂತ ಅಪ್ಪ ಆಫ್ ಮಾಡಿಸಿದ. ಕೀರ್ತನೆಗಳನ್ನಷ್ಟೇ ಜೆರಾಕ್ಸ್ ಮಾಡಿಸಿ ಪಿನ್ ಹೊಡೆಸಿ ಕೊಟ್ಟೆ. ಪುಟ ಅದೇ, ಸಾಲು ಅದೇ. ಆದರೆ ಎಣ್ಣೆಯ ಕಲೆ ಬಂದಿರಲಿಲ್ಲ. ಅರಿಶಿನದ ಬೆರಳಚ್ಚು ಬಂದಿರಲಿಲ್ಲ. ಮೇಣದಬತ್ತಿ ಬಿದ್ದು ಹಾಳೆ ಗಟ್ಟಿಯಾದದ್ದು, ಅಂಚು ಮಡಚಿ ಮಡಚಿ ಬಟ್ಟೆಯಂತಾದದ್ದು ಯಾವುದೂ ಇರಲಿಲ್ಲ. ಅಪ್ಪ ಆ ಬಿಳಿ ಹಾಳೆಗಳನ್ನು ಸವರಿ ಸವರಿ ನೋಡಿ ಪಕ್ಕಕ್ಕಿಟ್ಟ.

‘ದೊಡ್ಡದ್ರಲ್ಲೇ ಕೀರ್ತನೆ ಇರೋಷ್ಟು ಕುಯ್ದು ತಗೊಂಬುಡು’ ಅಂದ ಒಂದು ದಿನ.

ಅಮ್ಮ ಒಲೆಯ ಮುಂದಿನಿಂದ ಎದ್ದೇ ಬಂದಳು. ‘ಏನೇ, ನಿಮ್ಮಪ್ಪನಿಗೆ ಬುದ್ಧಿ ಕೆಟ್ಟದಾ? ದೇವರ ಪುಸ್ತಕಕ್ಕೆ ಬ್ಲೇಡು ಹಾಕ್ತಾರಾ?’

‘ನಾನು ಜೀವಮಾನೆಲ್ಲ ಕುಯ್ದಿದ್ದೇ ಕುಯ್ದಿದ್ದು’ ಅಂದ ಅಪ್ಪ. ‘ಕುಯ್ದ ಮೇಲೇ ತಾನೇ ಚಿಗುರೋದು?’

‘ಬಳ್ಳಿ ಚಿಗುರ್ತದೆ. ಪುಸ್ತಕ ಚಿಗುರ್ತದಾ?’

ಆದರೂ ಭಾನುವಾರ ಸಭೆ ಮುಗಿಸಿ ಬಂದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಪುಸ್ತಕ ಇಟ್ಟುಕೊಂಡು ಕೂತೆವು. ಬ್ಲೇಡು ನನ್ನ ಕೈಯಲ್ಲಿ. ಎಲ್ಲಿ ಅಂತ ಅಪ್ಪನೇ ತೋರಿಸಬೇಕಿತ್ತು. ಕೀರ್ತನೆಗಳು ಶುರುವಾಗುವ ಹಾಳೆಯ ಹಿಂಬದಿಯಲ್ಲಿ ಅದಕ್ಕೆ ಮುಂಚಿನ ಭಾಗದ ಕೊನೆ ಇತ್ತು. ‘ಹಂಗೇ ಬರ್ಲಿ, ಅದೂ ಇರ್ಲಿ’ ಅಂದ. ಬೆನ್ನಿನ ಹೊಲಿಗೆಯ ದಾರ ಕತ್ತರಿಸುವಾಗ ಟಿಕ್ ಟಿಕ್ ಅಂತ ಸದ್ದಾಗುತ್ತಿತ್ತು. ಅಪ್ಪ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕತ್ತರಿಸಿ ಆದ ಮೇಲೆ ಉಳಿದ ಪುಸ್ತಕ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಅದನ್ನು ಟವಲಿನಲ್ಲಿ ಸುತ್ತಿ ಮೇಲಿಟ್ಟೆವು. ಆಮೇಲೆ ಅಮ್ಮ ಯಾರನ್ನೂ ಕೇಳದೆ, ಒಂದು ಹೊಸ ರವಿಕೆ ಬಟ್ಟೆಯನ್ನು ಹರಿದು, ಕತ್ತರಿಸಿ ತೆಗೆದ ಭಾಗಕ್ಕೆ ಹೊದಿಕೆ ಹೊಲಿದಳು. ಹೊಲಿಯುವಾಗ ಬಯ್ಯುವುದನ್ನೂ ನಿಲ್ಲಿಸಲಿಲ್ಲ.

ಅಪ್ಪ ಆಸ್ಪತ್ರೆಯಲ್ಲಿ ಓದಿದ. ಪುಟ ದೊಡ್ಡದಿದ್ದರೂ ಭಾರವಿರಲಿಲ್ಲ, ತೊಡೆಯ ಮೇಲೆ ಹರಡಿಕೊಂಡು ಬಲಗೈ ಬೆರಳು ಸರಿಸುತ್ತಾ ಕೇರಿಯಲ್ಲಿ ಓದುತ್ತಿದ್ದಂತೆಯೇ ಓದಿದ. ಗೌಡರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ‘ನಿಮ್ಮ ದೇವ್ರ ಹತ್ರ ಜಗಳ ಆಡ್ಬೋದಾ ಇಷ್ಟೊಂದು? ನಮ್ಮಲ್ಲಿ ಹಿಂಗೆಲ್ಲ ಬೈದ್ರೆ ಪೂಜಾರಿ ಒದ್ದು ಕಳಿಸ್ತಾನೆ’ ಅಂದರು ಒಂದು ಸಲ. ಅಪ್ಪ ನಕ್ಕ. ‘ಬೈಯೋದಕ್ಕೇ ಇರೋದು ಗೌಡ್ರೇ, ಇನ್ಯಾರನ್ನ ಬೈಯೋಣ?’ ಇನ್ನೊಂದು ದಿನ ಗೌಡರು ಗೊರಕೆ ಹೊಡೆದರು. ನರ್ಸಮ್ಮ ಅವರನ್ನು ಎಬ್ಬಿಸಲು ಹೋದಾಗ ಅಪ್ಪ ಕೈಸನ್ನೆ ಮಾಡಿ ಬೇಡವೆಂದ. ಆ ಕೆಲವು ತಿಂಗಳು ಅಪ್ಪನ ಮುಖದಲ್ಲಿ ಹೆದರಿಕೆ ಕಡಿಮೆಯಿತ್ತು.

ಆಮೇಲೆ ಕಣ್ಣು ಹೋಯಿತು. ಸಕ್ಕರೆ ಕಾಯಿಲೆಗೆ ಕಣ್ಣಿನ ಒಳಗೆ ರಕ್ತ ಸೋರಿದೆ ಅಂದರು ಡಾಕ್ಟರು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಹೊಗೆಯಲ್ಲಿ ನೋಡಿದ ಹಾಗೆ. ಬೆಳಕು ಕಾಣುತ್ತಿತ್ತು, ಸಾಲು ಕಾಣುತ್ತಿರಲಿಲ್ಲ. ಕೆಲವು ದಿನ ನೆನಪಿನಿಂದಲೇ ನಡೆಸಿದ. ಎರಡು ಕೀರ್ತನೆ ಒಂದಕ್ಕೊಂದು ಸಿಕ್ಕಿಕೊಂಡ ದಿನ ನನಗೆ ಕೊಟ್ಟ. ‘ಇನ್ಮೇಲೆ ನೀನು ಓದು.’

ನಾನು ಬೆಳಗಿನ ಪಾಳಿ ಮುಗಿಸಿ ಹಾಲಿನ ವಾಸನೆಯ ಕೈಯಲ್ಲೇ ಬಂದು ಓದುತ್ತಿದ್ದೆ. ‘ಅಷ್ಟು ಬಿರಬಿರನೆ ಹೋಗ್ಬೇಡ ತಾಯೀ, ನಾನಿನ್ನೂ ಮೇಲಿನ ಸಾಲಲ್ಲೇ ಇದೀನಿ’ ಅನ್ನುತ್ತಿದ್ದ. ಪುಟದ ಕೊನೆ ಬರುವಾಗ ಅಪ್ಪನ ಬೆರಳು ಮೇಲೇಳುತ್ತಿತ್ತು. ನಾನು ಹಾಳೆ ತಿರುಗಿಸುತ್ತಿದ್ದೆ. ಬೆರಳು ಕೆಳಗಿಳಿಯುತ್ತಿತ್ತು.

ಕೊನೆಯ ಸಲ ಓದಿದ್ದು ಒಂದು ಗುರುವಾರ. ಅಂದು ಶೀತಲ ಕೇಂದ್ರದಿಂದ ನೇರವಾಗಿ ಆಸ್ಪತ್ರೆಗೆ ಹೋಗಿದ್ದೆ. ಅಮ್ಮ ಅಪ್ಪನನ್ನು ಆಟೋದಲ್ಲಿ ಕರೆತಂದಿದ್ದಳು, ಗಡಿಬಿಡಿಯಲ್ಲಿ ಬಟ್ಟೆ ಹೊದಿಸಿದ ಆ ಭಾಗ ಮನೆಯಲ್ಲೇ ಉಳಿದಿತ್ತು. ನನ್ನ ಬ್ಯಾಗಿನಲ್ಲಿ ಜಿಪ್ಪಿನ ಸಣ್ಣ ಬೈಬಲ್ ಇತ್ತು. ಅಪ್ಪನಿಗೆ ಉಪಯೋಗಕ್ಕೆ ಬಾರದ ಮೇಲೆ ನಾನೇ ಅದನ್ನು ಬಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ಹಿಂದಿನ ಸಲ ಬಿಟ್ಟಲ್ಲಿಂದಲೇ ಹುಡುಕಿ ಓದಲು ಶುರು ಮಾಡಿದೆ. ನಿಧಾನವಾಗಿಯೇ ಓದಿದೆ.

ಅಪ್ಪನ ಬೆರಳು ಮೇಲೆದ್ದಿತು. ನನ್ನ ಪುಟ ಇನ್ನೂ ಅರ್ಧವಿತ್ತು.

ನಾನು ಓದುತ್ತಲೇ ಹೋದೆ. ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು.

‘ಇದು ನಿನ್ ಬುಕ್ಕಾ?’ ಅಂದ ಅಪ್ಪ.

‘ಹೂಂ ಅಪ್ಪಾ. ನಿಂದು ಮನೇಲೇ ಉಳಕೊಂಡ್ತು.’

ಬಯ್ಯುತ್ತಾನೆ ಅಂದುಕೊಂಡೆ. ಬೆರಳನ್ನು ಇಳಿಸಿ ಹೊದಿಕೆಯ ಮೇಲೆ ಇಟ್ಟ. ‘ಓದು, ಪರ್ವಾಗಿಲ್ಲ. ನಿಂಗಾದ್ರೆ ಯಾವ್ದರಲ್ಲಿದ್ರೂ ಸಿಕ್ತದೆ’ ಅಂದ. ಡಿಗ್ರಿ ತಂದು ತೋರಿಸಿದ ದಿನವೂ ಅಪ್ಪ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಮುಂದಕ್ಕೆ ಓದಿದೆ. ಅಪ್ಪನ ಬೆರಳು ಮತ್ತೆ ಏಳಲಿಲ್ಲ.

ಅಷ್ಟರಲ್ಲಿ ಯಂತ್ರ ಸದ್ದು ಮಾಡಿತು, ನರ್ಸಮ್ಮ ಸೂಜಿ ತೆಗೆಯಲು ಬಂದರು. ಸೂಜಿ ತೆಗೆದ ಜಾಗವನ್ನು ಹತ್ತಿಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಅದು ನನ್ನ ಕೆಲಸ. ಪುಸ್ತಕ ಕೆಳಗಿಟ್ಟೆ.

‘ಎಲ್ಲಿಗೆ ನಿಲ್ಸ್ದೆ?’ ಅಂದ ಅಪ್ಪ.

ನಾನು ಕೀರ್ತನೆಯ ಸಂಖ್ಯೆ, ವಚನದ ಸಂಖ್ಯೆ ಹೇಳಿದೆ.

‘ಹಂಗಲ್ಲ. ನಂದ್ರಲ್ಲಿ ಎಲ್ಲಿ?’

ನನಗೆ ಗೊತ್ತಿರಲಿಲ್ಲ. ‘ಮನೆಗೆ ಹೋಗಿ ನೋಡಿ ಹೇಳ್ತೀನಪ್ಪಾ’ ಅಂದೆ.

ಮನೆಗೆ ಬಂದು ಅಪ್ಪನನ್ನು ಮಲಗಿಸಿದೆವು. ನಾನು ಬಟ್ಟೆಯ ಹೊದಿಕೆ ತೆರೆದು ಹುಡುಕಿದೆ. ಎಡಗಡೆಯ ಪುಟದಲ್ಲಿ, ಮೇಲಿನಿಂದ ಸ್ವಲ್ಪ ಕೆಳಗೆ, ಅಂಚು ಮಡಚಿದ ಗುರುತಿನ ಪಕ್ಕ ಇತ್ತು. ಹೋಗಿ ಕಿವಿಯ ಹತ್ತಿರ ಹೇಳಿದೆ.

‘ಹಾ, ಅಲ್ಲಿ’ ಅಂದ. ‘ಅಲ್ಲಿಂದ ಮುಂದೆ ಚೆನ್ನಾಗದೆ. ಸೋಮವಾರ ಓದು.’

ಶನಿವಾರ ಬೆಳಿಗ್ಗೆ ಅಪ್ಪನಿಗೆ ಉಸಿರು ಸಿಕ್ಕಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಶವದ ಪಕ್ಕ ಓದುವುದಕ್ಕೆ ಈಗಿನ ಅಯ್ಯನೋರು ಬಂದರು. ಗೌಡರು ಮಗನ ಬೈಕಿನಲ್ಲಿ ಬಂದು, ನಮ್ಮ ಮನೆಯ ಒಳಗೇ ಬಂದು, ಚಾಪೆಯ ಮೇಲೆ ಕೂತು ಹೋದರು.

ಬಸ್ಸಿನಲ್ಲಿ ನಾನು ಜಿಪ್ಪಿನ ಬೈಬಲ್ ದಿನಾ ಓದುತ್ತೇನೆ. ಪ್ರಯಾಣಕ್ಕೆ ಒಳ್ಳೆಯ ಪುಸ್ತಕ, ಯಾರು ಕೇಳಿದರೂ ಅದನ್ನೇ ಕೊಳ್ಳಿ ಅನ್ನುತ್ತೇನೆ. ಕೀರ್ತನೆಗಳನ್ನೂ ಓದುತ್ತೇನೆ. ಆ ಒಂದು ಕೀರ್ತನೆಯಲ್ಲಿ ಮಾತ್ರ ನಾವು ನಿಲ್ಲಿಸಿದ ವಚನದವರೆಗೆ ಬಂದು, ಹಾಳೆ ತಿರುಗಿಸಿ, ಮುಂದಿನದಕ್ಕೆ ಹೋಗುತ್ತೇನೆ. ಅಲ್ಲಿಂದ ಮುಂದೆ ಚೆನ್ನಾಗಿದೆ ಅಂತ ಅಪ್ಪ ಹೇಳಿದ್ದಾನೆ. ಇರಬಹುದು. ನಾನಿನ್ನೂ ಓದಿಲ್ಲ.